ಹಿತಕಿದ ಬೇಳೆಯ ನೋಟ್ಸು

ಓದಿದವರಿಗೆ ಓದಿನ ವಿಷಯ ಮಾತಾಡುವಾಗ ಒಂದು ಸಂಕೋಚ ಇರುತ್ತದೆ. ತಮಗೆ ಎಷ್ಟು ಗೊತ್ತಿಲ್ಲ ಎನ್ನುವುದು ಅವರಿಗೆ ಗೊತ್ತಿರುತ್ತದೆ, ಪಾಪ. ನನಗೆ ಆ ತೊಂದರೆ ಇಲ್ಲ. ನಾನು ಓದಿದ್ದು ಎರಡೂವರೆ ಕ್ಲಾಸು. ಮೂರನೆಯ ಕ್ಲಾಸಿನ ಅರ್ಧದಲ್ಲಿ ನಮ್ಮಪ್ಪ ಒಂದು ಎಮ್ಮೆ ತಂದರು. ಎಮ್ಮೆಯನ್ನು ಸ್ಕೂಲಿಗೆ ಕಳಿಸುವಂತಿರಲಿಲ್ಲ, ಆದ್ದರಿಂದ ನನ್ನನ್ನು ಎಮ್ಮೆಯ ಹಿಂದೆ ಕಳಿಸಿದರು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿದು ಎಮ್ಮೆಯದು ಶುರುವಾಯಿತು. ನನಗೆ ಬರುತ್ತಿದ್ದ ಮೂರು ಮಗ್ಗಿಗಳನ್ನು ನಾನು ಅದಕ್ಕೇ ಒಪ್ಪಿಸುತ್ತಿದ್ದೆ, ಅದು ತಲೆಯಾಡಿಸುತ್ತಿತ್ತು. ಇಷ್ಟು ಬಂಡವಾಳ ಇಟ್ಟುಕೊಂಡು ಧೈರ್ಯವಾಗಿ ಹೇಳುತ್ತೇನೆ: ಹೈಸ್ಕೂಲು ಮಕ್ಕಳು ಪಾಠದ ನೋಟ್ಸು ಬರೆದುಕೊಳ್ಳುವುದು ಹೇಗೆ ಎನ್ನುವ ವಿಷಯದಲ್ಲಿ ಯಲಹಂಕದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದ್ದರೆ ಬರಲಿ, ನಮ್ಮ ಜಗಲಿಯಲ್ಲಿ ಜಾಗ ಇದೆ.

ಈ ಜಂಬಕ್ಕೆ ಕಾರಣ ನನ್ನ ಮೊಮ್ಮಗಳು ಸರೋಜ. ಹೋದ ತಿಂಗಳು ಎಸ್ಸೆಸ್ಸೆಲ್ಸಿ ಪಾಸಾದಳು. ಬರೀ ಪಾಸಲ್ಲ, ಫಸ್ಟ್ ಕ್ಲಾಸು. ನಮ್ಮ ವಂಶದಲ್ಲಿ, ನನ್ನ ತವರಿನ ಕಡೆಯಾಗಲಿ ಗಂಡನ ಮನೆಯ ಕಡೆಯಾಗಲಿ, ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ಎಮ್ಮೆ ಹಿಂದೆ ಹೋದವರೇ ಸಿಗುತ್ತಾರೆ. ಹಾಗಾಗಿ ಈ ಸುದ್ದಿಯನ್ನು ನಾನು ಬಳೆಗಾರನಿಗೆ ಹೇಳಿದೆ, ದೇವಸ್ಥಾನದ ಪೂಜಾರಪ್ಪನಿಗೆ ಹೇಳಿದೆ, ಸಿಡುಬು ಬಾರದಂತೆ ಮೈಲಿ ಹಾಕಲು ಬಂದವನಿಗೆ ತೋಳು ಚಾಚಿಕೊಂಡೇ ಹೇಳಿದೆ. ಹೆಬ್ಬಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಮಾತ್ರ, "ಅಜ್ಜೀ, ನೀವು ಹೋದ್ ವಾರಾನೂ ಹೇಳಿದ್ರಿ, ಈಗ ಒಳಗಡೆ ಹೋಗಿ" ಎಂದುಬಿಟ್ಟ. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಬರೆದೇಬಿಡಬೇಕು. ಬರೆದದ್ದಕ್ಕೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ, ಒಳಗಡೆ ಹೋಗಿ ಎನ್ನುವುದಿಲ್ಲ.

ಕಥೆ ಶುರುವಾಗಿದ್ದು ಎರಡು ವರ್ಷದ ಹಿಂದೆ, ಸರೋಜ ಹೈಸ್ಕೂಲಿನ ಎರಡನೆಯ ವರ್ಷದಲ್ಲಿದ್ದಾಗ. ಮೊದಲನೆಯ ವರ್ಷ ಚರಿತ್ರೆ ಹೇಳಿಕೊಡುತ್ತಿದ್ದವರು ಹಳೆಯ ಕಾಲದ ಮೇಷ್ಟ್ರು. ಅವರು ಕುರ್ಚಿಯಲ್ಲಿ ಕೂತು ನೋಟ್ಸು ಹೇಳುವವರು, ಮಕ್ಕಳು ಬರೆದುಕೊಳ್ಳುವವರು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಬಾಯಲ್ಲೇ ಬರುತ್ತಿತ್ತಂತೆ. ಸರೋಜ ಮನೆಯಲ್ಲಿ ಬಾಯಿಪಾಠ ಮಾಡುವಾಗಲೂ "ಪ್ರಜೆಗಳು ಸುಖವಾಗಿದ್ದರು ಪೂರ್ಣವಿರಾಮ" ಎಂದೇ ಒಪ್ಪಿಸುತ್ತಿದ್ದಳು. ನಾನು ಪೂರ್ಣವಿರಾಮ ಎಂದರೆ ಆ ರಾಜನ ಮಂತ್ರಿ ಎಂದುಕೊಂಡಿದ್ದೆ, ಎಲ್ಲ ರಾಜರ ಹತ್ತಿರವೂ ಕೆಲಸ ಮಾಡಿದ್ದಾನಲ್ಲ, ಗಟ್ಟಿ ಮನುಷ್ಯ ಎಂದು. ಆ ಮೇಷ್ಟ್ರು ರಿಟೈರಾದರು. ಅವರ ಜಾಗಕ್ಕೆ ಮೈಸೂರಿನ ಕಡೆಯ ಸಣಕಲು ಮೇಷ್ಟ್ರು ಒಬ್ಬರು ಸೈಕಲ್ಲಿನಲ್ಲಿ ಬಂದರು. ಅವರಿಗೆ ಕೂತು ಅಭ್ಯಾಸವೇ ಇಲ್ಲ. ಕ್ಲಾಸಿನ ತುಂಬ ಓಡಾಡಿಕೊಂಡು ಕಥೆ ಹೇಳಿದ ಹಾಗೆ ಪಾಠ ಹೇಳುತ್ತಾರಂತೆ. ಮೊದಲ ದಿನವೇ, "ನಾನು ನೋಟ್ಸ್ ಕೊಡಲ್ಲ. ನಾನು ಹೇಳ್ತಾ ಹೋಗ್ತೀನಿ, ಬೇಕಾದ್ದನ್ನ ನೀವೇ ಬರ್ಕೊಳ್ಳಿ" ಎಂದರಂತೆ. ಯಾವುದು ಬೇಕಾದ್ದು, ಯಾವುದು ಬೇಡವಾದ್ದು ಎಂದು ಆ ಮಕ್ಕಳಿಗೆ ಯಾರು ಹೇಳಬೇಕು. ನಮ್ಮ ಹುಡುಗಿ ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಬರೆದುಕೊಂಡಳು. ಮೊದಲನೆಯ ಟೆಸ್ಟಿನಲ್ಲಿ ಇಪ್ಪತ್ತೈದಕ್ಕೆ ಐದು ಬಂತು.

ನನ್ನ ಮಗ ಪಿಳ್ಳಪ್ಪ, ಸರೋಜಳ ಅಪ್ಪ, ಕೆಟ್ಟವನಲ್ಲ. ಆದರೆ ಹೊಲದಲ್ಲಿ ಬದು ಹಾಕಿದ ಹಾಗೆ ಯೋಚನೆ ಮಾಡುತ್ತಾನೆ, ಇಲ್ಲಿಂದ ಇಲ್ಲಿಗೆ, ಮುಗಿಯಿತು. ಆ ಐದನ್ನು ನೋಡಿ ಹೇಳಿದ: "ಅವ್ವ, ಹುಡುಗಿ ಜಾಸ್ತಿ ಓದಿದ್ರೆ ಗಂಡು ಅದಕ್ಕಿಂತ ಜಾಸ್ತಿ ಓದಿರ್ಬೇಕು. ಅಂಥೋನು ನಮ್ಮನೇಗೆ ಎಲ್ಲಿಂದ ಬಂದಾನು. ಬಾಗಲಗುಂಟೆಯವರು ಹೆಣ್ಣು ಕೇಳ್ತಾವ್ರೆ, ಒಳ್ಳೇ ಮನೆ. ಅರ್ಧ ವರ್ಷದ ಪರೀಕ್ಷೇಲಿ ಎಲ್ಲಾದ್ರಲ್ಲೂ ಪಾಸಾದ್ರೆ ಓದ್ಲಿ. ಒಂದ್ರಲ್ಲಿ ಫೇಲಾದ್ರೂ ಸಂಕ್ರಾಂತಿ ಆದ್ಮೇಲೆ ಸ್ಕೂಲು ಬೇಡ." ಸೊಸೆ ರತ್ನಮ್ಮ ಒಲೆಯ ಮುಂದೆ ಕೂತು ಮುದ್ದೆ ತಿರುವುತ್ತಿದ್ದಳು. ಸರೋಜ ಕೊಟ್ಟಿಗೆಗೆ ಹೋಗಿ ಅತ್ತಳು. ನಾನು ಅವಳ ಹಿಂದೆಯೇ ಹೋದೆ. ಸಮಾಧಾನ ಮಾಡಲು ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ನಿಜವಾಗಿ ಹೋದದ್ದು ಆ ನೋಟ್‌ಬುಕ್ಕಿನಲ್ಲಿ ಏನಿದೆ ನೋಡೋಣ ಎಂಬ ಚಪಲಕ್ಕೆ.

"ಅಜ್ಜಿ, ಮೇಷ್ಟ್ರು ಹೇಳಿದ್ದೆಲ್ಲ ಬರ್ದಿದ್ದೀನಿ, ಒಂದಕ್ಷರ ಬಿಟ್ಟಿಲ್ಲ" ಎಂದಳು.

"ಓದು ನೋಡಾನ" ಎಂದೆ.

ಓದಿದಳು. "ದೆಹಲಿಯಲ್ಲಿ ಆಗ ಒಬ್ಬ ಸುಲ್ತಾನ ಇದ್ದ. ಆ ಕಿಟಕಿ ಹಾಕು ಧೂಳು ಬರುತ್ತೆ. ಅವನ ಹತ್ತಿರ ಲಕ್ಷ ಜನ ಸೈನಿಕರಿದ್ದರು. ಲಕ್ಷ ಅಂದರೆ ಎಷ್ಟು ಗೊತ್ತೇನ್ರೋ ನಿಮಗೆ. ಪಾಣಿಪತ್ತಿನಲ್ಲಿ ಎರಡು ಸೈನ್ಯಗಳೂ ಎದುರು ಬದುರು ನಿಂತವು. ವಿಮಾನ ಹೋಗಲಿ ಇರಿ. ಹಾಂ, ಎಲ್ಲಿದ್ದೆ."

"ಪಾಣಿಪತ್ತಲ್ಲಿ ಇಮಾನ ಓಯ್ತಾ?"

"ಇಲ್ಲ ಅಜ್ಜಿ, ಅದು ನಮ್ಮ ಸ್ಕೂಲ್ ಮೇಲೆ ಹೋಗಿದ್ದು. ದಿನಾ ಹೋಗತ್ತೆ."

"ಮತ್ಯಾಕೆ ಬರ್ದೆ?"

"ಮೇಷ್ಟ್ರು ಹೇಳಿದ್ರಲ್ಲ."

ನನಗೆ ಆಗ ರೋಗ ಗೊತ್ತಾಯಿತು. ಯಾಕೆ ಗೊತ್ತಾಯಿತೆಂದರೆ ನೋಟ್ಸು ಬರೆಯುವುದರಲ್ಲಿ ನನಗೂ ಅನುಭವ ಇದೆ. ನಮ್ಮ ಅಡುಗೆಮನೆಯ ಹಿಂದಿನ ಗೋಡೆಯೇ ನನ್ನ ನೋಟ್‌ಬುಕ್ಕು, ಇದ್ದಿಲೇ ಪೆನ್ನು. ಕೋಳಿ ಕಾವಿಗೆ ಕೂತ ದಿನದಿಂದ ದಿನಕ್ಕೊಂದು ಗೀಟು, ಇಪ್ಪತ್ತೊಂದಾದರೆ ಮರಿ. ಎಮ್ಮೆ ಗಬ್ಬವಾದರೆ ಅಮಾವಾಸ್ಯೆಗೊಂದು ಸೊನ್ನೆ. ನೆಂಟರು ಬಂದು ಹೋಗದೆ ಕೂತರೆ ಅವರಿಗೂ ಒಂದು ಸಾಲು ಗೀಟು ಎಳೆಯುತ್ತಿದ್ದೆ. ಒಂದು ಸಲ ರತ್ನಮ್ಮನ ಅಣ್ಣ ಬಾಗಲೂರಿನಿಂದ ಬಂದವನು ಆ ಗೋಡೆ ನೋಡಿ, "ಇದೇನತ್ತೇ ಇಷ್ಟುದ್ದ ಗೀಟು?" ಎಂದು ಕೇಳಿದ. "ಒಂದು ಕೋಳಿ ಕೂತೈತೆ ಕಣಪ್ಪ, ಏಳ್ತಾನೇ ಇಲ್ಲ" ಎಂದೆ. ಆಮೇಲೆ ದೀಪಾವಳಿಗೆಂದು ರತ್ನಮ್ಮ ಆ ಗೋಡೆಗೆ ಸುಣ್ಣ ಹೊಡೆದಳು. ಯಾವ ಕೋಳಿ ಎಂದು ಕೂತಿತು, ಎಂದು ಮರಿ ಇಳಿಯುತ್ತದೆ ಎನ್ನುವುದು ಕೋಳಿಗಳನ್ನು ಬಿಟ್ಟು ಯಾರಿಗೂ ತಿಳಿಯದೆ ಹೋಯಿತು. ಬೇಕೆಂದೇ ಹೊಡೆದಳು ಎಂದು ನಾನು ಎಲ್ಲೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ನಾನು ಹೇಳಹೊರಟಿದ್ದು, ಆ ಗೋಡೆಯ ಮೇಲೆ ಕೋಳಿಯ ಬಣ್ಣ ಯಾವುದು, ಅದು ಕೂರುವಾಗ ಎಷ್ಟು ಸಲ ಕೂಗಿತು, ಆಗ ಮೇಲೆ ವಿಮಾನ ಹೋಯಿತೇ ಎಂದು ನಾನು ಯಾವತ್ತೂ ಬರೆಯಲಿಲ್ಲ. ಮರೆತರೆ ಮೋಸ ಹೋಗುವಂಥದ್ದಕ್ಕೆ ಮಾತ್ರ ಗೀಟು.

ಇದನ್ನು ಸರೋಜಳಿಗೆ ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಹೈಸ್ಕೂಲಿನವರಿಗೆ ಕೋಳಿಯ ಉದಾಹರಣೆ ಕೊಟ್ಟರೆ ಸ್ವಲ್ಪ ಅವಮಾನವಾಗುತ್ತದೆ. ಅಷ್ಟು ಹೊತ್ತಿಗೆ ಅವರೆಕಾಯಿ ಕಾಲ ಬಂತು, ನಾವಿಬ್ಬರೂ ಬದುಕಿಕೊಂಡೆವು.

ಹಿತಕಿದ ಬೇಳೆ ಮಾಡುವುದನ್ನು ನೋಡದವರು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ, ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳ ಮಧ್ಯೆ ಹಿಡಿದು ಒತ್ತಿದರೆ ಬೇಳೆ ಚಂಗನೆ ತಟ್ಟೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೆಲಸ ಕಷ್ಟದ್ದಲ್ಲ, ಆದರೆ ಮುಗಿಯುವುದಿಲ್ಲ. ಜೊತೆಗೆ ಮಾತು ಬೇಕೇ ಬೇಕು. ಒಂದು ಸಾಯಂಕಾಲ ಸರೋಜ ಸ್ಕೂಲಿನಿಂದ ಬಂದು ನನ್ನ ಪಕ್ಕದಲ್ಲಿ ಕಾಳು ಹಿತುಕಲು ಕೂತಾಗ ನಾನು ಒಂದು ಕಾನೂನು ಮಾಡಿದೆ. ಇವತ್ತಿನ ಪಾಠ ಹೇಳಬೇಕು. ನಾನು ಒಂದು ಕಾಳು ಹಿತುಕುವಷ್ಟರಲ್ಲಿ ಒಂದು ಮಾತು ಮುಗಿಯಬೇಕು. ಮುಗಿಯದಿದ್ದರೆ ಅದರಲ್ಲಿ ಸಿಪ್ಪೆ ಇದೆ ಎಂದು ಅರ್ಥ.

"ಮೇಷ್ಟ್ರು ಇವತ್ತು ಬಂದ ತಕ್ಷಣ ಬೋರ್ಡ್ ಒರ್ಸಿ…"

"ಸಿಪ್ಪೆ."

"ದೆಹಲಿ ಸುಲ್ತಾನನ ಸೈನ್ಯ ದೊಡ್ಡದು ಅಂತ ನಿನ್ನೇನೇ ಹೇಳಿದ್ನಲ್ಲ ಮಕ್ಕಳೇ ಅಂದ್ಬಿಟ್ಟು…"

"ಸೈನ್ಯ ದೊಡ್ಡದು. ಅಷ್ಟೇ ಬೇಳೆ. ಮಿಕ್ಕಿದ್ದು ಬುಟ್ಟಿಗಾಕು."

"ಇಸವಿ, ಅಜ್ಜಿ? ಅದಕ್ಕೂ ಮಾರ್ಕ್ಸ್ ಕೊಡ್ತಾರೆ."

"ಇಸವಿ ಕರಿಬೇವಿದ್ದಂಗೆ. ಪಕ್ಕದಾಗಿಕ್ಕು, ಕೊನೇಗೆ ಒಗ್ಗರಣೆಗೆ ಆಗ್ತದೆ."

ಹೀಗೆ ಅವಳು ಪುಟದ ಅಂಚಿನಲ್ಲಿ ಇಸವಿ ಬರೆದಳು, ನಡುವೆ ಒಂದೊಂದೇ ಸಾಲು ಬೇಳೆ ಬರೆದಳು. ನಾಲ್ಕು ದಿನ ಹೀಗೆ ನಡೆದ ಮೇಲೆ ಅವಳಿಗೇ ಹೊಳೆಯಿತು, ಕ್ಲಾಸಿನಲ್ಲಿ ಮೇಷ್ಟ್ರು ಹೇಳುವಾಗ ಒಂದೊಂದು ಸಂಗತಿಗೆ ಒಂದೊಂದೇ ಪದ ಗೀಚಿಕೊಂಡರೆ ಸಾಕು, ಅಜ್ಜಿಯ ಮುಂದೆ ಕೂತಾಗ ಉಳಿದದ್ದು ತಾನೇ ಬರುತ್ತದೆ ಎಂದು. ಒಂದು ದಿನ ಬಂದವಳೇ ಚೀಲ ಕೂಡ ಕೆಳಗಿಡದೆ, "ಅಜ್ಜಿ, ಇವತ್ತು ಮೇಷ್ಟ್ರು ಹೇಳಿದ್ದು ಕೇಳಿಸ್ತು" ಎಂದಳು. "ಇಷ್ಟ್ ದಿನ ಕಿವಿ ಬಂದಿರ್ಲಿಲ್ವಾ?" ಎಂದೆ. "ಇಷ್ಟ್ ದಿನ ಬರೀತಿದ್ನಲ್ಲ, ಕೇಳಿಸ್ತಾನೇ ಇರ್ಲಿಲ್ಲ" ಎಂದಳು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಎರಡು ಬೇಳೆ ತಟ್ಟೆ ಬಿಟ್ಟು ಬೀದಿಗೇ ಹಾರಿದವು.

ಈ ವಿಧಾನದಲ್ಲಿ ಒಂದೇ ಒಂದು ದೋಷ. ಪಾಠ ಹೆಚ್ಚಿದಷ್ಟೂ ಬೇಳೆ ಹೆಚ್ಚುತ್ತದೆ. ಚರಿತ್ರೆ ಆಯಿತು, ಭೂಗೋಳ ಆಯಿತು, ಸೈನ್ಸು ಶುರುವಾಯಿತು. ಮನೆಯಲ್ಲಿ ಹಿತಕಿದ ಬೇಳೆ ಸಾರು, ಹಿತಕಿದ ಬೇಳೆ ಪಲ್ಯ, ಹಿತಕಿದ ಬೇಳೆ ಉಪ್ಪಿಟ್ಟು. ಪಿಳ್ಳಪ್ಪ ಮುದ್ದೆ ಮುರಿಯುತ್ತಾ, "ದಿನಾ ಇದೇನಾ ಅವ್ವ?" ಎಂದು ಕೇಳಿದ. "ನಿನ್ ಮಗಳು ಸೈನ್ಸ್ ಓದ್ತಾವ್ಳೆ, ಸುಮ್ಕೆ ಉಣ್ಣು" ಎಂದೆ. ಲೆಕ್ಕಕ್ಕೆ ಮಾತ್ರ ಈ ವಿಧಾನ ನಡೆಯಲಿಲ್ಲ. ಲೆಕ್ಕವನ್ನು ಎಷ್ಟು ಒತ್ತಿದರೂ ಬೇಳೆ ಹೊರಗೆ ಬರಲಿಲ್ಲ, ಅದೆಲ್ಲ ಸಿಪ್ಪೆಯೇ ಇರಬೇಕು ಎಂದು ನನ್ನ ಅನುಮಾನ.

ಇನ್ನೊಂದು ತೊಡಕು ನನ್ನಿಂದಲೇ ಬಂತು. ನನಗೆ ಆ ರಾಜರ ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ, ಮನಸ್ಸಿನಲ್ಲಿ ನಿಲ್ಲುವುದೂ ಇಲ್ಲ. ಅದಕ್ಕೇ ಇಲ್ಲೂ ಯಾರ ಹೆಸರೂ ಹೇಳಿಲ್ಲ, ಗಮನಿಸಿರಬಹುದು. ಸರೋಜ ಯುದ್ಧದ ನಡುಮಧ್ಯಕ್ಕೆ ಬಂದಾಗ, "ಇವನ್ಯಾರು, ಇದ್ದೋನಾ ಬಂದೋನಾ?" ಎಂದು ನಾನು ಕೇಳುವುದು, ಅವಳು ಮತ್ತೆ ಮೊದಲಿನಿಂದ ಸೈನ್ಯ ಕಟ್ಟುವುದು. ಕೊನೆಗೆ ಅವಳೇ ಬೇಸತ್ತು, "ಅಜ್ಜಿ, ದೆಹಲಿ ಸುಲ್ತಾನ ಅಂದ್ರೆ ನಮ್ಮ ಚಿಕ್ಕತಾಯಮ್ಮ ಅಂತ ತಿಳ್ಕೋ. ಕಾಬೂಲಿಂದ ಬಂದ ದೊರೆ ಮುನಿಯಮ್ಮ" ಎಂದಳು. ನನಗೆ ಇಡೀ ಪಾಣಿಪತ್ತು ಕಣ್ಣ ಮುಂದೆ ಬಂದು ನಿಂತಿತು.

ಚಿಕ್ಕತಾಯಮ್ಮ ನಮ್ಮ ಪಕ್ಕದ ಮನೆಯವಳು. ಬೀದಿಯ ಬಾವಿಕಟ್ಟೆಯಲ್ಲಿ ಅವಳದೇ ಆಳ್ವಿಕೆ. ನಾಲ್ಕು ಜನ ಸೊಸೆಯರು, ಆನೆಯಂಥ ತಾಮ್ರದ ಹಂಡೆಗಳು. ಅವರು ನೀರು ಸೇದಿ ಮುಗಿಸುವ ತನಕ ಬೇರೆಯವರು ಕಾಯಬೇಕು. ಹಿಂದಿನ ಬೇಸಿಗೆಯಲ್ಲಿ ಜಕ್ಕೂರಿನ ಕಡೆಯಿಂದ ಮುನಿಯಮ್ಮ ಎಂಬುವಳು ನಮ್ಮ ಬೀದಿಗೆ ಬಂದಳು. ಅವಳ ಹತ್ತಿರ ಇದ್ದದ್ದು ಎಂಟು ಮಣ್ಣಿನ ಕೊಡ, ಒಬ್ಬಳು ತಂಗಿ. ಮುನಿಯಮ್ಮ ಏನು ಮಾಡಿದಳು, ಕೊಡಗಳನ್ನು ಸಾಲಾಗಿ ಇಟ್ಟು ಕತ್ತಿಗೆ ಕತ್ತು ಹಗ್ಗದಿಂದ ಕಟ್ಟಿಬಿಟ್ಟಳು. ಒಂದನ್ನು ಪಕ್ಕಕ್ಕೆ ಸರಿಸಬೇಕಾದರೆ ಎಂಟನ್ನೂ ಸರಿಸಬೇಕು. ಆಮೇಲೆ ತಂಗಿಯನ್ನು ಮುಂದೆ ಬಿಟ್ಟಳು. ಆ ತಂಗಿಯ ಬಾಯಿ ಫಿರಂಗಿ. ಅದು ಹಾರಿದ ಒಂದೇ ಏಟಿಗೆ ಚಿಕ್ಕತಾಯಮ್ಮನ ಸೊಸೆಯರು ಬೆದರಿ, ತಪ್ಪು ನಿನ್ನದು ತಪ್ಪು ನಿನ್ನದು ಎಂದು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು. ಅಷ್ಟರಲ್ಲಿ ಮುನಿಯಮ್ಮನ ಎಂಟು ಕೊಡವೂ ತುಂಬಿದ್ದವು. ಕಾಬೂಲಿನಿಂದ ಬಂದ ದೊರೆಯೂ ಗಾಡಿಗಳನ್ನು ಹೀಗೇ ಸಾಲಾಗಿ ಹಗ್ಗದಲ್ಲಿ ಕಟ್ಟಿದ್ದನಂತೆ, ಫಿರಂಗಿ ಶಬ್ದಕ್ಕೆ ಸುಲ್ತಾನನ ಆನೆಗಳು ತಿರುಗಿ ತಮ್ಮವರನ್ನೇ ತುಳಿದವಂತೆ. ಮುನಿಯಮ್ಮನಿಗೆ ಇದನ್ನು ಯಾರು ಹೇಳಿಕೊಟ್ಟರೋ ಕಾಣೆ.

ಅಲ್ಲಿಂದ ಮುಂದೆ ಸರೋಜಳ ನೋಟ್ಸಿನಲ್ಲಿ ನಮ್ಮ ಬೀದಿಯೆಲ್ಲ ಸೇರಿಕೊಂಡಿತು. ನೈಋತ್ಯ ಮಾನ್ಸೂನ್ ಮಾರುತ ಎಂದರೆ ರತ್ನಮ್ಮನ ಆ ಅಣ್ಣನೇ: ಜೂನಿನಲ್ಲಿ ಬರುತ್ತಾನೆ, ಸೆಪ್ಟೆಂಬರಿನಲ್ಲಿ ಹೊರಡುತ್ತಾನೆ, ಹೋದ ಎಂದುಕೊಳ್ಳುವಷ್ಟರಲ್ಲಿ ಬೇರೆ ದಿಕ್ಕಿನಿಂದ ಇನ್ನೊಂದು ಸುತ್ತು ಬಂದು ಹೋಗುತ್ತಾನೆ. ಸೊಸೆಯ ಮುಂದೆ ಈ ಪಾಠ ಓದಬೇಡ ಎಂದು ಎಚ್ಚರಿಕೆ ಹೇಳಿದ್ದೆ. ಆದರೆ ಪರೀಕ್ಷೆಯ ಮುಂದೆ ಏನು ಎಚ್ಚರಿಕೆ ಬೇಕು ಎಂದು ನನಗೆ ಹೊಳೆಯಲಿಲ್ಲ.

ಅರ್ಧ ವರ್ಷದ ಪರೀಕ್ಷೆ ಮುಗಿಯಿತು. ಒಂದೊಂದೇ ವಿಷಯದ ಪೇಪರು ಕೈಗೆ ಬಂತು, ಎಲ್ಲದರಲ್ಲೂ ಪಾಸು, ಲೆಕ್ಕದಲ್ಲಿ ಕೂಡ ಕೂದಲೆಳೆಯಲ್ಲಿ ಪಾಸು. ಚರಿತ್ರೆಯ ಪೇಪರು ಮಾತ್ರ ಎಲ್ಲರದೂ ಬಂದು ಸರೋಜಳದು ಬರಲಿಲ್ಲ. "ನಿಮ್ಮ ಮನೆಗೇ ಬರ್ತೀನಿ, ನಿಮ್ಮ ತಂದೆ ಇರ್ಲಿ" ಎಂದರಂತೆ ಮೇಷ್ಟ್ರು. ಪಿಳ್ಳಪ್ಪ ಅದನ್ನು ಕೇಳಿ, "ಓಯ್ತು ಬಿಡು. ಬಾಗಲಗುಂಟೆಯವರ್ಗೆ ಹಬ್ಬ ಆದ್ಮೇಲೆ ಬನ್ನಿ ಅಂತ ಏಳಿಕಳಿಸ್ತೀನಿ" ಎಂದ. ಆ ಎರಡು ದಿನ ಸರೋಜ ಒಂದು ಕಾಳನ್ನೂ ಹಿತುಕಲಿಲ್ಲ, ನಾನೂ ಕರೆಯಲಿಲ್ಲ.

ಸಂಕ್ರಾಂತಿಯ ಹಿಂದಿನ ಭಾನುವಾರ ಬೆಳಗ್ಗೆ ಮೇಷ್ಟ್ರು ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಹಾಸಿದ ಚಾಪೆಯ ತುದಿಯಲ್ಲಿ ಕೂತರು. ಯಾರ ಮನೆಗೆ ಹೊಸಬರು ಬಂದರೂ ಚಿಕ್ಕತಾಯಮ್ಮನಿಗೆ ಹೆಪ್ಪಿಗೆ ಮೊಸರು ಬೇಕಾಗುತ್ತದೆ. ಅವತ್ತೂ ಬೇಕಾಯಿತು. ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ಮೇಷ್ಟ್ರು ಪೇಪರು ಬಿಚ್ಚಿ, ಗಂಟಲು ಸರಿಮಾಡಿಕೊಂಡು, "ಯಜಮಾನ್ರೇ, ಒಂದು ವಿಷಯ ಕೇಳ್ಬೇಕಿತ್ತು. ಚಿಕ್ಕತಾಯಮ್ಮ ಅಂದ್ರೆ ಯಾರು?" ಎಂದರು.

"ನಾನೇ ಸ್ವಾಮಿ, ಯಾಕೆ?" ಎಂದಳು ಚಿಕ್ಕತಾಯಮ್ಮ.

ಮೇಷ್ಟ್ರು ಗಾಬರಿಯಾಗಿ ಎದ್ದು ನಿಂತರು. ಕೈಮುಗಿದರು ಕೂಡ. ಪಿಳ್ಳಪ್ಪ ಏನೆಂದು ಒತ್ತಾಯ ಮಾಡಿದ ಮೇಲೆ ಓದಿದರು: "ಚಿಕ್ಕತಾಯಮ್ಮನ ಬಳಿ ಒಂದು ಲಕ್ಷ ಸೈನ್ಯವೂ ಅಪಾರವಾದ ಆನೆಗಳೂ ಇದ್ದವು. ಆದರೆ ಅವಳ ಕಡೆಯವರಲ್ಲಿ ಒಗ್ಗಟ್ಟಿರಲಿಲ್ಲ. ಅವಳು ಯುದ್ಧಭೂಮಿಯಲ್ಲಿಯೇ ಮಡಿದಳು. ದೆಹಲಿಯು ಮುನಿಯಮ್ಮನ ವಶವಾಯಿತು."

ಸರೋಜ ಕಂಬದ ಹಿಂದೆ ಸರಿದಳು. ಚಿಕ್ಕತಾಯಮ್ಮ ಬಟ್ಟಲು ಕೆಳಗಿಟ್ಟಳು. "ಯಾವ ಮುನಿಯಮ್ಮ? ಆ ಜಕ್ಕೂರೋಳಾ? ಡೆಲ್ಲಿ ಅವಳ್ಗಾ?" ಎಂದಳು. ಸ್ವಲ್ಪ ತಡೆದು, "ನಾನ್ ಸತ್ತೋದ್ನಾ?" ಎಂದಳು.

"ಅದು ರಾಜರ ಸಾವು ಕಣೇ, ಎಲ್ಲಾರ್ಗೂ ಸಿಗಾಕಿಲ್ಲ. ಆನೆ ಬೇರೆ ಇದ್ವು ನಿಂಗೆ" ಎಂದೆ ನಾನು.

"ಎಷ್ಟ್ ಆನೆ?"

"ಅಪಾರ."

ಅವಳು ಯೋಚನೆ ಮಾಡಿದಳು. ಬಟ್ಟಲು ಎತ್ತಿಕೊಂಡಳು, ಮೊಸರು ಹಾಕಿಸಿಕೊಂಡಳು, ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು. ಸಾಯಂಕಾಲದೊಳಗೆ ಬೀದಿಗೆಲ್ಲ ಆನೆಯ ಸುದ್ದಿ ತಲುಪಿತ್ತು, ಸಾವಿನ ಸುದ್ದಿ ತಲುಪಿರಲಿಲ್ಲ.

ಆದರೆ ಜಗಲಿಯ ಮೇಲೆ ನಗು ಇರಲಿಲ್ಲ. ಮೇಷ್ಟ್ರು ಹೇಳಿದರು, "ನೋಡಿ, ಬರ್ದಿರೋ ವಿಷಯದಲ್ಲಿ ಒಂದೂ ತಪ್ಪಿಲ್ಲ. ಕ್ಲಾಸಲ್ಲಿ ಇಷ್ಟು ಚೆನ್ನಾಗಿ 'ಯಾಕೆ ಸೋತ' ಅನ್ನೋದನ್ನ ಇನ್ಯಾರೂ ಬರ್ದಿಲ್ಲ. ಆದ್ರೆ ಹೆಸರು ನೋಡಿದ್ರೆ, ಈ ಹುಡುಗಿ ನನ್ನ ಗೇಲಿ ಮಾಡಿದ್ಲೋ ಏನೋ ಅಂತ ಅನುಮಾನ. ಪಾಸ್ ಮಾಡ್ಲೋ ಫೇಲ್ ಮಾಡ್ಲೋ ಗೊತ್ತಾಗ್ದೆ ಬಂದೆ."

"ಹೆಸರು ಗೊತ್ತು ಸಾರ್" ಎಂದಳು ಸರೋಜ ಕಂಬದ ಹಿಂದಿನಿಂದ. ಎರಡು ಹೆಸರನ್ನೂ ಸರಿಯಾಗಿ ಹೇಳಿದಳು. "ಬರೀತಾ ಬರೀತಾ ಅವರೇ ಬಂದ್ಬಿಟ್ರು."

ಪಿಳ್ಳಪ್ಪನ ಮುಖ ಗಂಟಾಗಿತ್ತು. "ಫೇಲ್ ಮಾಡಿ ಸ್ವಾಮಿ. ಬೀದಿಯೋರ್ನೆಲ್ಲ ಪೇಪರ್ಗೆ ಎಳ್ಕೊಂಡು ಓಗೋ ಓದು ನಮ್ಗೆ ಬೇಡ. ನಾಳೆಯಿಂದ ಅವಳು ಬರಾಕಿಲ್ಲ" ಎಂದ. ಮೇಷ್ಟ್ರಿಗೆ ಅದು ಬೇಕಾಗಿರಲಿಲ್ಲ. ಅವರು ಅವಸರವಾಗಿ, "ನೋಟ್ಸ್ ಬುಕ್ ತಗೊಂಡ್ ಬಾಮ್ಮ" ಎಂದರು. ಸರೋಜ ತಂದುಕೊಟ್ಟಳು. ಮೇಷ್ಟ್ರು ಪುಟ ತಿರುಗಿಸಿದರು. ಅಂಚಿನ ಇಸವಿ ನೋಡಿದರು, ನಡುವಿನ ಸಾಲು ನೋಡಿದರು, ತಲೆಯಾಡಿಸಿದರು. ಒಂದು ಕಡೆ ನಿಂತರು. ಅವರ ತುಟಿ ಅಲುಗಲು ಶುರುವಾಯಿತು. "ಇದು ಫ್ರಾನ್ಸಿನ ಚಕ್ರವರ್ತಿ ರಷ್ಯಾದ ಮೇಲೆ ದಂಡೆತ್ತಿ ಹೋಗಿದ್ದು. ಓದ್ಲಾ?" ಎಂದರು. ಆ ಪಾಠ ನನ್ನ ಮುಂದೆ ಹಿತುಕಿದ್ದಲ್ಲ. ನಾನು ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೋಗಿದ್ದ ದಿನ ಹುಡುಗಿ ಒಬ್ಬಳೇ ಬರೆದದ್ದು. ಓದಲಿ, ಎಂದು ನಾನೇ ಹೇಳಿದೆ, ಬಲು ಹುಮ್ಮಸ್ಸಿನಿಂದ.

ಮೇಷ್ಟ್ರು ಓದಿದರು: "ಅಜ್ಜಿ ಮಾಕಳಿಗೆ ಹೋದದ್ದು. ತನ್ನ ಮಾತು ಕೇಳದವರನ್ನು ಕಂಡರೆ ಅಜ್ಜಿಗೆ ಆಗುವುದಿಲ್ಲ. ಗಂಗತ್ತೆ ಕೇಳಲಿಲ್ಲ. ದೊಡ್ಡ ಸೈನ್ಯ: ಎತ್ತಿನ ಗಾಡಿ, ಎರಡು ಮೂಟೆ ರಾಗಿ, ಉಪ್ಪಿನಕಾಯಿ ಜಾಡಿ, ಎರಡು ಕೋಳಿ, ಅಪ್ಪ. ರಾಜಧಾನಿ ತಲುಪಿದರೆ ಬೀಗ, ಒಳಗೆ ಯಾರೂ ಇಲ್ಲ. ಶರಣಾಗಲು ಯಾರಾದರೂ ಬರುತ್ತಾರೆ ಎಂದು ಅಜ್ಜಿ ಜಗಲಿಯ ಮೇಲೆ ಕಾದಳು. ಯಾರೂ ಬರಲಿಲ್ಲ. ಚಳಿ. ಹಿಂದಕ್ಕೆ ಹೊರಟಳು. ದಾರಿಯುದ್ದಕ್ಕೂ ನಷ್ಟ: ಜಾಡಿ ಒಡೆಯಿತು, ಕೋಳಿ ತಪ್ಪಿಸಿಕೊಂಡವು, ಅಪ್ಪನಿಗೆ ಜ್ವರ. ಮನೆಗೆ ಬಂದು ಗೆದ್ದೆ ಎಂದಳು."

ಗಂಗತ್ತೆ ಎಂದರೆ ನನ್ನ ಮಗಳು ಗಂಗಮ್ಮ, ಮಾಕಳಿಗೆ ಕೊಟ್ಟಿರುವವಳು. ಅದಕ್ಕೂ ಮೂರು ವರ್ಷದ ಹಿಂದೆ ಮಾಗಿಯಲ್ಲಿ ಅವಳ ಸಂಸಾರ ಸರಿಮಾಡಿ ಬರೋಣ ಎಂದು ನಾನು ಒಂದು ತಿಂಗಳಿಗೆ ಆಗುವಷ್ಟು ಸರಂಜಾಮು ಕಟ್ಟಿಕೊಂಡು, ಹೇಳದೆ ಕೇಳದೆ ಹೊರಟದ್ದು ನಿಜ. ಅವರು ಮನೆಮಂದಿಯೆಲ್ಲ ಯಾವುದೋ ಮದುವೆಗೆ ಹೋಗಿದ್ದೂ ನಿಜ. ಆದರೆ ಊರಿಗೆ ಬಂದ ಮೇಲೆ ನಾನು ಎಲ್ಲರಿಗೂ ಹೇಳಿದ್ದು ಬೇರೆ. ಮಗಳಿಗೆ ನಾಲ್ಕು ಬುದ್ಧಿಮಾತು ಹೇಳಿ ದಾರಿಗೆ ತಂದೆ, ಇಲ್ಲಿ ಎಮ್ಮೆ ಈಯುವುದಿತ್ತು, ಅದಕ್ಕೆ ಬೇಗ ಹೊರಟು ಬಂದೆ ಎಂದು ಹೇಳಿದ್ದೆ. ಗಾಡಿ ಹೊಡೆದ ಪಿಳ್ಳಪ್ಪ ಒಬ್ಬನಿಗೇ ನಿಜ ಗೊತ್ತಿದ್ದದ್ದು. ಅವನು ಹೆತ್ತವಳ ಮರ್ಯಾದೆಗೆ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಜ್ವರದ ಬಾಯಲ್ಲಿ ಮಾತ್ರ ಏನೋ ಬಡಬಡಿಸಿದ್ದ. ಹುಡುಗಿ ಆವತ್ತು ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದಳು. ಅದರಲ್ಲೂ ಸಿಪ್ಪೆ ತೆಗೆದು ಬೇಳೆ ಇಟ್ಟುಕೊಂಡಿದ್ದಾಳೆ.

ಪಿಳ್ಳಪ್ಪನಿಂದ ಮೊದಲು ಒಂದು ಶಬ್ದ ಬಂತು, ಹುಣಿಸೆಬೀಜ ಗಂಟಲಿಗೆ ಸಿಕ್ಕಿಕೊಂಡ ಹಾಗೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ಸ್ವಾಮಿ, ಅಪ್ಪನಿಗೆ ಜ್ವರ ಅನ್ನೋದನ್ನ ಇನ್ನೊಂದ್ಸಲ ಓದಿ" ಎಂದ. ಓದಿದರು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ ಎಂದು ನೋಡದೆಯೇ ಗೊತ್ತಾಯಿತು. ಪಿಳ್ಳಪ್ಪ ಕಣ್ಣೊರೆಸಿಕೊಂಡು ಸರೋಜಳನ್ನು ನೋಡಿದ, ಯಾವುದೋ ಹೊಸ ಹುಡುಗಿಯನ್ನು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದ. ನಗು ನಿಂತಿತ್ತು.

"ಅವ್ವ, ನೀನೇ ಏಳು. ಇವಳು ಇದ್ದದ್ದನ್ನ ಇದ್ದಂಗೆ ಬರ್ದವ್ಳಾ, ಇಲ್ಲಾ ಇದೂ ಗೇಲೀನಾ? ಗೇಲಿ ಅಂದ್ರೆ ನಾಳೆಯಿಂದ ಮನೇಲಿರ್ಲಿ. ಇದ್ದದ್ದೇ ಆದ್ರೆ, ಓದಿನಾಗೂ ಏನೋ ಐತೆ ಅಂತ ಒಪ್ಕೋತೀನಿ."

ನೋಡಿ ನನ್ನ ಸ್ಥಿತಿ. ಗೇಲಿ ಎಂದರೆ ಮೂರು ವರ್ಷ ಕಾಪಾಡಿಕೊಂಡ ನನ್ನ ಮಾಕಳಿಯ ಜಯ ಉಳಿಯುತ್ತದೆ. ಸರೋಜ ಬಾಗಲಗುಂಟೆಗೆ ಹೋಗುತ್ತಾಳೆ. ಮೇಷ್ಟ್ರು ನನ್ನನ್ನು ನೋಡುತ್ತಿದ್ದರು, ಒಳಗಿನಿಂದ ಸೊಸೆ ಕಿವಿಗೊಟ್ಟಿದ್ದಳು, ಪಕ್ಕದ ಗೋಡೆಯ ಆಚೆ ಮೊಸರಿನ ಬಟ್ಟಲಿನವಳೂ ಉಸಿರು ಹಿಡಿದು ನಿಂತಿರಬೇಕು. ಹುಡುಗಿ ಮಾತ್ರ ನನ್ನನ್ನು ನೋಡದೆ ನೆಲ ನೋಡುತ್ತಿದ್ದಳು.

"ಒಂದ್ ತಪ್ಪೈತೆ" ಎಂದೆ.

"ಏನದು?" ಎಂದರು ಮೇಷ್ಟ್ರು.

"ಕೋಳಿ ಎರಡಲ್ಲ. ಮೂರು."

ಸರೋಜ ಅಲ್ಲೇ ಕೂತು ತಿದ್ದಿಕೊಂಡಳು. ಮೇಷ್ಟ್ರು ಪೇಪರಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಪಾಸಿನ ಮಾರ್ಕು ಹಾಕಿ, ಹೆಸರು ತಪ್ಪಿದ್ದಕ್ಕೆ ನಾಲ್ಕು ಕಳೆದು, ಅವರೆಕಾಳು ಉಪ್ಪಿಟ್ಟು ತಿಂದು ಹೋದರು. ಪಿಳ್ಳಪ್ಪ ಬಾಗಲಗುಂಟೆಯವರಿಗೆ ಹುಡುಗಿ ಇನ್ನೂ ಓದುತ್ತಾಳೆ ಎಂದು ತಾನೇ ಹೋಗಿ ಹೇಳಿ ಬಂದ. ಆಮೇಲೆ ಒಂದೂವರೆ ವರ್ಷ ನಾವು ಯಾವ ಯಾವ ಕಾಲಕ್ಕೆ ಯಾವ ಯಾವ ಕಾಳು ಸಿಗುತ್ತದೋ ಅದನ್ನೆಲ್ಲ ಬಿಡಿಸುತ್ತಾ, ಸೋಸುತ್ತಾ ಪಾಠ ಮಾಡಿದೆವು. ಬರೆಯುವಾಗ ಬೀದಿಯವರ ಹೆಸರನ್ನು ಮನಸ್ಸಿನಲ್ಲೇ ಇಟ್ಟುಕೊಂಡು ರಾಜರ ಹೆಸರನ್ನು ಪೇಪರಿನ ಮೇಲೆ ಇಡುವುದು ಅವಳಿಗೆ ಅಭ್ಯಾಸವಾಯಿತು. ಆದದ್ದನ್ನು ಮೊದಲೇ ಹೇಳಿದ್ದೇನೆ, ಫಸ್ಟ್ ಕ್ಲಾಸು. ಇನ್ನೊಂದು ಸಲ ಹೇಳಿದರೂ ನನಗೆ ಬೇಜಾರಿಲ್ಲ.

ಈಗ ಆ ನೋಟ್‌ಬುಕ್ಕು ಮನೆಯಲ್ಲಿಲ್ಲ. ಕೆಳಗಿನ ಕ್ಲಾಸಿನ ಹುಡುಗಿಯರು ಕೈಯಿಂದ ಕೈಗೆ ಓದುತ್ತಿದ್ದಾರೆ. ಮೊನ್ನೆ ನನಗೆ ಗುರುತೇ ಇಲ್ಲದ ಎರಡು ಜಡೆಯ ಹುಡುಗಿಯೊಬ್ಬಳು ದಾರಿಯಲ್ಲಿ ನಿಂತು, ಬಲು ವಿನಯದಿಂದ, "ಅಜ್ಜಿ, ಮೂರನೇ ಕೋಳಿ ಆಮೇಲೆ ಸಿಕ್ತಾ?" ಎಂದು ಕೇಳಿದಳು. ಮಾಕಳಿಯಿಂದ ಗಂಗಮ್ಮನೂ ಹೇಳಿಕಳಿಸಿದ್ದಾಳೆ, ಸರೋಜ ಪಾಸಾದದ್ದಕ್ಕೆ ಒಬ್ಬಟ್ಟು ಮಾಡುತ್ತೇನೆ, ಎಲ್ಲರೂ ಬನ್ನಿ ಎಂದು. ಆ ಚಕ್ರವರ್ತಿ ರಷ್ಯಾದಿಂದ ಬಂದ ಮೇಲೆ ಮತ್ತೆ ಎಲ್ಲಿಗಾದರೂ ದಂಡೆತ್ತಿ ಹೋದನೇ ಎಂದು ಸರೋಜಳನ್ನು ಕೇಳಿದೆ. ಹೋದ, ಅಜ್ಜಿ, ಅದರಲ್ಲಿ ಪೂರ್ತಿ ಸೋತ ಎಂದಳು. ಅದಕ್ಕೇ ಈ ಸಲ ಹೊರಡುವ ಮೊದಲು ಗಂಗಮ್ಮನಿಗೆ ಒಂದು ಕಾರ್ಡು ಬರೆದು ಹಾಕಿದ್ದೇನೆ, ಆವತ್ತು ಮನೆಯಲ್ಲೇ ಇರುತ್ತೀಯಾ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು. ಇಷ್ಟು ಸಣ್ಣ ಕೆಲಸ ಅಷ್ಟು ದೊಡ್ಡ ಚಕ್ರವರ್ತಿಗೆ ಹೊಳೆಯಲಿಲ್ಲವಲ್ಲ. ಅವನೂ ಎರಡೂವರೆ ಕ್ಲಾಸೇ ಓದಿದ್ದನೋ ಏನೋ, ಸರೋಜಳನ್ನು ಕೇಳಬೇಕು.